ಬಾಣಂತಿ ಕೋಣೆ ಮುಚ್ಚುತ್ತಿದ್ದ ಗೋಪಮ್ಮ

ಬಾಗಲವಾಡದ ಕೇರಿಯಲ್ಲಿ ಗೋಪಮ್ಮನ ಕೈಗೆ ಎರಡು ಕೆಲಸದಿಂದ ಹೆಸರು ಬಂದಿತ್ತು. ಒಂದು, ಮಾಳಿಗೆಯ ಮೇಲೆ ಮಣ್ಣು ಹಾಕುವುದು. ಇನ್ನೊಂದು, ಬಾಣಂತಿ ಕೋಣೆ ಮುಚ್ಚುವುದು. ಮಣ್ಣಿನ ಕೆಲಸವನ್ನು ಅತ್ತೆ ಬೈದು ಬೈದು ಕಲಿಸಿದ್ದಳು. ಕೋಣೆ ಮುಚ್ಚುವುದನ್ನು ಯಾರೂ ಕಲಿಸಲಿಲ್ಲ. ಹತ್ತು ಬಾಣಂತನ ನೋಡುವಷ್ಟರಲ್ಲಿ ಕೈಗೆ ತಾನೇ ಬಂತು.

ಮುಂಗಾರಿನ ಮಿರಗದ ಮಳೆ ಬರುವ ಮೊದಲು ಹಳ್ಳದ ದಂಡೆಯಿಂದ ಕರಲು ಮಣ್ಣು ತರಬೇಕು. ಹೊಲದ ಮಣ್ಣಿಗೂ ಕರಲಿಗೂ ಕಣ್ಣಿಗೆ ಅಂಥ ಫರಕು ಕಾಣುವುದಿಲ್ಲ. ಗೋಪಮ್ಮ ಒಂದು ಚಿಟಿಕೆ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ನಾಲಿಗೆಗೆ ಉಪ್ಪು ಹತ್ತಿದರೆ ಬುಟ್ಟಿ ತುಂಬಿರಿ ಎನ್ನುತ್ತಿದ್ದಳು, ಹತ್ತದಿದ್ದರೆ ಉಗುಳಿ ಮುಂದಿನ ದಿಬ್ಬಕ್ಕೆ ನಡೆಯುತ್ತಿದ್ದಳು. ಆ ಉಪ್ಪಿನ ಮಣ್ಣು ಮಳೆಯನ್ನು ಕುಡಿಯುವುದಿಲ್ಲ, ಜಾರಿಸಿಬಿಡುತ್ತದೆ. ಬೇವಿನ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ತೊಗರಿ ಕಟ್ಟಿಗೆ, ಅದರ ಮೇಲೆ ಬೇವಿನ ತಪ್ಪಲು, ಆಮೇಲೆ ಒಂದು ಮೊಳ ಮಣ್ಣು, ಎಲ್ಲದರ ಮೇಲೆ ಕರಲು. ನಟ್ಟನಡುವೆ ಒಂದು ಬೆಳಕಿಂಡಿ, ಮಳೆ ಬಂದರೆ ಅದರ ಮೇಲೆ ಬೋರಲು ಹಾಕಲು ಒಂದು ಒಡಕು ಗಡಿಗೆ. ವೈಶಾಖದ ಮಧ್ಯಾಹ್ನ ಬಿಸಿಲಿನಿಂದ ಆ ಮನೆಯೊಳಗೆ ಬಂದವರು ಮೊದಲು ಒಂದು ದೊಡ್ಡ ಉಸಿರು ಬಿಡುತ್ತಿದ್ದರು, ಆಮೇಲೆ ಮಾತು ತೆಗೆಯುತ್ತಿದ್ದರು.

ಬಾಣಂತಿಗೆ ಪಡುವಣ ಮೂಲೆಯ ಕತ್ತಲೆ ಕೋಣೆ. ಬೆಳಕಿಂಡಿಗೆ ಹಳೆಯ ಸೀರೆಯ ಉಂಡೆ, ಬಾಗಿಲ ಸಂದಿಗೆ ಮಡಚಿದ ಕೌದಿ, ಮಲಗುವ ಹೊರಸಿನ ಕೆಳಗೆ ಸಗಣಿ ಕುಳ್ಳಿನ ಕೆಂಡದ ಅಗ್ಗಿಷ್ಟಿಗೆ, ಕೆಂಡದ ಮೇಲೆ ಒಂದು ಹಿಡಿ ಅಜವಾನ. ಗಾಳಿ ಹೊಕ್ಕರೆ ಬಾಣಂತಿಗೆ ಸನ್ನಿ, ಕೂಸಿಗೆ ಥಂಡಿ. ಗೋಪಮ್ಮ ಮುಚ್ಚಿದ ಕೋಣೆಗೆ ಇರುವೆ ಕೂಡ ಅಪ್ಪಣೆ ಕೇಳಿ ಹೋಗಬೇಕು ಎಂದು ಕೇರಿಯ ಹೆಂಗಸರು ನಗುತ್ತಿದ್ದರು. ಅವಳು ನೀರೆರೆದ ಕೂಸುಗಳು ಬೆಳೆದು ಮಕ್ಕಳನ್ನು ಹೆತ್ತು, ಆ ಮಕ್ಕಳನ್ನೂ ಅವಳ ಕಾಲ ಮೇಲೆಯೇ ತಂದು ಮಲಗಿಸಿದ್ದರು. ಒಂದು ಕೂಸೂ ಅವಳ ಕೈಯಲ್ಲಿ ಹೋಗಿರಲಿಲ್ಲ. ಕೈಗುಣ ಎಂದು ಜನ ಅಂದರು. ಹಲವು ವರ್ಷ ಕೇಳಿ ಕೇಳಿ ಗೋಪಮ್ಮನೂ ಅದನ್ನು ನಂಬಿದಳು.

ಮಗ ಅಮರೇಶನ ಹೆಂಡತಿ ಕಾಮಾಲೆಯಾಗಿ ತೀರಿದಾಗ ಮೊಮ್ಮಗಳು ಮೌನೇಶ್ವರಿಗೆ ಮೂರು ವರ್ಷ. ಅವಳನ್ನು ಸಾಕಿದ್ದು ಗೋಪಮ್ಮನೇ. ಹುಡುಗಿ ಅಜ್ಜಿಯನ್ನೇ ಯವ್ವಾ ಎಂದು ಕರೆಯುತ್ತ ಬೆಳೆದಳು. ಮಾತು ಕಡಿಮೆ. ಬೈದರೆ ಎದುರಾಡುವವಳಲ್ಲ, ನೋವಾದರೂ ಹೇಳುವವಳಲ್ಲ. ಹೆಸರಿಗೆ ತಕ್ಕಂತೆ ಮೌನ ಎಂದು ಗೋಪಮ್ಮ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದಳು. ಆ ಮೌನ ಮುಂದೆ ತನಗೇ ಭಾರವಾಗುತ್ತದೆ ಎಂದು ಆಗ ಅವಳಿಗೆ ಗೊತ್ತಿರಲಿಲ್ಲ.

ಮಣ್ಣಿನ ಮನೆ ಇನ್ನೂ ನಿಂತಿದ್ದ ಕೊನೆಯ ವರ್ಷ ರಾಯಚೂರಿನಿಂದ ಅನುರಾಧಾ ಎಂಬ ಮೇಡಂ ಬಂದಳು. ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುವವಳು. ಯಾವ ಮನೆ ಎಷ್ಟು ಕಾಯುತ್ತದೆ, ಯಾವ ಹೊತ್ತಿಗೆ ಆರುತ್ತದೆ ಎಂದು ಊರೂರು ತಿರುಗಿ ಬರೆದುಕೊಳ್ಳುತ್ತಿದ್ದಳು. ಪಡುವಣ ಕೋಣೆಯಲ್ಲಿ, ಬುದ್ಧನ ಫೋಟೊದ ಪಕ್ಕದ ಮೊಳೆಗೆ, ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಬಿಳಿ ಡಬ್ಬಿ ತೂಗುಹಾಕಿದಳು. ಅದು ಹಗಲು ರಾತ್ರಿ ಕೋಣೆಯ ಕಾವನ್ನು ತನ್ನಷ್ಟಕ್ಕೆ ಬರೆದಿಟ್ಟುಕೊಳ್ಳುತ್ತದಂತೆ. ಮಾಳಿಗೆಯ ಮೇಲೆ ಬಿದ್ದ ಬಿಸಿಲು ಮಣ್ಣಿನೊಳಗೆ ನಡೆದು ನಡೆದು ದಾರಿಯಲ್ಲೇ ದಣಿದುಬಿಡುತ್ತದೆ, ಅಷ್ಟಿಷ್ಟು ಒಳಗೆ ಬರುವ ಹೊತ್ತಿಗೆ ಹೊರಗೆ ರಾತ್ರಿಯ ತಂಪು ಇರುತ್ತದೆ, ಆಗ ಬೆಳಕಿಂಡಿ ಅದನ್ನು ಹೊರಗೆ ದಾಟಿಸುತ್ತದೆ ಎಂದು ಮೇಡಂ ವಿವರಿಸಿದಳು. ಗೋಪಮ್ಮ ಅವಳ ಕೈ ಹಿಡಿದು ಗೋಡೆಗೆ ಒತ್ತಿ, ಇದನ್ನು ತಿಳಿಯಲು ಡಬ್ಬಿ ಯಾಕೆ ಬೇಕು ಎಂದು ನಕ್ಕಿದ್ದಳು.

ಮೌನೇಶ್ವರಿಗೆ ದೇವದುರ್ಗದ ಸಂಬಂಧ ಬಂತು. ಹುಡುಗ ಯಂಕೋಬ, ಹಾಸ್ಟೆಲ್ಲಿನಲ್ಲಿ ಗುಮಾಸ್ತ, ಒಳ್ಳೆಯವನು. ಹುಡುಗನ ತಾಯಿ ಹುಲಗೆಮ್ಮ ನೋಡಲು ಬಂದವಳು ತಲೆ ಎತ್ತಿ ಜಂತಿ ನೋಡಿದಳು, ಸೀರೆಯ ಮೇಲೆ ಉದುರಿದ ಮಣ್ಣನ್ನು ಎರಡು ಬೆರಳಿನಿಂದ ಕೊಡವಿಕೊಂಡಳು. ಅಮರೇಶನಿಗೆ ಅಷ್ಟು ಸಾಕಾಯಿತು. ಮನೆ ಕಟ್ಟಿ ನೋಡು ಮದುವೆ ಮಾಡಿ ನೋಡು ಅನ್ನುತ್ತಾರೆ, ಎರಡನ್ನೂ ಒಂದೇ ವರ್ಷ ನೋಡಿಬಿಡುತ್ತೇನೆ ಎಂದ. ಮಾಳಿಗೆ ಇಳಿಸಿದರು. ಅಂಗಳದ ಬೇವಿನ ಮರ ಜಾಗಕ್ಕೆ ಅಡ್ಡ ಬಂತೆಂದು ಅದನ್ನೂ ಕಡಿದರು. ತನ್ನ ನಾಲಿಗೆಯಿಂದ ಆರಿಸಿ ತಂದ ಮಣ್ಣನ್ನು ಗೋಪಮ್ಮ ತಾನೇ ಬುಟ್ಟಿಯಲ್ಲಿ ಹೊತ್ತು ತಿಪ್ಪೆಯ ಕಡೆ ಸುರಿದಳು. ಸಿಮೆಂಟ್ ಇಟ್ಟಿಗೆಯ ಗೋಡೆ, ಮೇಲೆ ಐದು ಇಂಚಿನ ಸ್ಲ್ಯಾಬು, ಕಬ್ಬಿಣದ ಕಿಟಕಿಗೆ ಗಾಜು. ಮೂಲೆ ಮಾತ್ರ ಬದಲಾಗಲಿಲ್ಲ. ಹಳೆಯ ಪಡುವಣ ಕೋಣೆ ಇದ್ದ ಜಾಗದಲ್ಲೇ ಹೊಸ ಪಡುವಣ ಕೋಣೆ ಎದ್ದಿತು. ಅನುರಾಧಾ ಮತ್ತೊಮ್ಮೆ ಬಂದು, ಹೋಲಿಸಿ ನೋಡಬೇಕು ಎಂದು ಅದೇ ಬಿಳಿ ಡಬ್ಬಿಯನ್ನು ಹೊಸ ಗೋಡೆಗೆ ತೂಗುಹಾಕಿ ಹೋದಳು. ದಿನ ಕಳೆದಂತೆ ಮನೆಯವರು ಅದನ್ನು ಮರೆತೇಬಿಟ್ಟರು.

ಮೌನೇಶ್ವರಿಗೆ ದಿನ ತುಂಬಿದ್ದು ಮದುವೆಯ ಮರುವರ್ಷದ ವೈಶಾಖದಲ್ಲಿ. ಮಾನ್ವಿಯ ದವಾಖಾನೆಯಲ್ಲಿ ಹೆತ್ತಳು, ಹೆಣ್ಣು ಕೂಸು, ತೂಕ ಸರಿಯಾಗಿತ್ತು. ಮೂರನೆಯ ದಿನ ತವರಿಗೆ ಕರೆತಂದರು. ಗೋಪಮ್ಮ ಹಿಂದಿನ ದಿನವೇ ಕೋಣೆ ತಯಾರು ಮಾಡಿದ್ದಳು. ಕಿಟಕಿಗೆ ಗಾಜು ಇದ್ದರೂ ನಂಬದೆ ಸಂದಿಗೆಲ್ಲ ಬಟ್ಟೆ ತುರುಕಿದಳು. ಬಾಗಿಲಿಗೆ ಕೌದಿ ಕಟ್ಟಿದಳು. ಹೊರಸಿನ ಕೆಳಗೆ ಅಗ್ಗಿಷ್ಟಿಗೆ ಇಟ್ಟಳು. ನೂರು ಸಲ ಮಾಡಿದ ಕೆಲಸ. ಕೈ ತಾನೇ ಮಾಡುತ್ತಿತ್ತು, ತಲೆಯನ್ನು ಕೇಳುತ್ತಿರಲಿಲ್ಲ.

ಐದನೆಯ ದಿನ ಸಟವಿತಾಯಿ ಬಂದು ಹಣೆಬರಹ ಬರೆಯುವ ದಿನ. ಅಂದು ಮಧ್ಯಾಹ್ನದಿಂದ ಕೂಸು ಮೊಲೆ ಹಿಡಿಯುವುದನ್ನು ಕಡಿಮೆ ಮಾಡಿತು. ಮೌನೇಶ್ವರಿಯ ರವಿಕೆ ಬೆವರಿಗೆ ತೊಯ್ದು ಬೆನ್ನಿಗೆ ಅಂಟಿತ್ತು. ಅವಳು ಜೀವನದಲ್ಲಿ ಅಪರೂಪಕ್ಕೆ ಒಂದು ಮಾತು ಕೇಳಿದಳು.

"ಯವ್ವಾ, ಭಾಳ ಸೆಕಿ ಆಗಾಕತ್ತದ. ಚೂರು ಕಿಟಕಿ ತೆಗಿಯಲೇನು?"

"ತಡಕೋ ನನ್ನವ್ವ. ಬಾಣಂತನ ಅಂದ್ರ ಸೆಕಿನ. ಕೂಸಿಗಿ ಥಂಡಿ ಹತ್ತೇದ, ಅದಕ್ಕ ಹಾಲು ಒಲ್ಲೆ ಅನ್ನಾಕತ್ತದ."

ಥಂಡಿ ಎಂದು ಅವಳು ನಿಜವಾಗಿಯೂ ನಂಬಿದ್ದಳು. ಹಾಲು ಒಲ್ಲೆ ಎನ್ನುವ ಕೂಸಿಗೆ ಅವಳು ಕಂಡ ಕಾರಣ ಅದೊಂದೇ. ಕೂಸಿನ ಮೇಲೆ ಇನ್ನೊಂದು ಬಟ್ಟೆ ಹೊದಿಸಿದಳು. ಅಗ್ಗಿಷ್ಟಿಗೆಗೆ ಮತ್ತೆರಡು ಕುಳ್ಳು ಹಾಕಿದಳು.

ಮರುದಿನ ಮಧ್ಯಾಹ್ನ ಆಶಾ ಕಾರ್ಯಕರ್ತೆ ಶಶಿಕಲಾ ಬಂದಳು. ಕೇರಿಯದೇ ಹುಡುಗಿ, ಅವಳೂ ಒಂದು ಕಾಲಕ್ಕೆ ಗೋಪಮ್ಮನ ಕಾಲ ಮೇಲೆ ಎರೆಸಿಕೊಂಡವಳೇ. ಬಾಗಿಲ ಕೌದಿ ಸರಿಸಿದವಳು ಹೊಸ್ತಿಲಲ್ಲೇ ನಿಂತುಬಿಟ್ಟಳು. ಒಳಗಿನ ಕಾವು ಒಲೆಯ ಬಾಯಿಯಂತೆ ಮುಖಕ್ಕೆ ಬಡಿದಿತ್ತು. ಕೂಸನ್ನು ಮುಟ್ಟಿ ನೋಡಿ ಬಟ್ಟೆ ಬಿಚ್ಚಿದಳು, ಅಗ್ಗಿಷ್ಟಿಗೆ ಹೊರಗಿಟ್ಟಳು, ಕಿಟಕಿಯ ಬಟ್ಟೆ ಕಿತ್ತು ಅದರ ಎರಡೂ ಬಾಗಿಲು ತೆಗೆದಳು. ಸಂಜೆಯೊಳಗೆ ಕೂಸು ಹಾಲು ಕುಡಿಯದಿದ್ದರೆ ಮಾನ್ವಿಗೆ ಒಯ್ಯಲೇಬೇಕು, ಈ ಕೋಣೆ ಮುಚ್ಚಬೇಡ ಎಂದು ಎರಡೆರಡು ಸಲ ಹೇಳಿದಳು. ಗೋಪಮ್ಮ ಆಯಿತವ್ವ ಎಂದಳು. ಕಿಟಕಿ ತೆಗೆದ ಮೇಲೆ ಕೂಸು ಒಂದೆರಡು ಗುಟುಕು ಕುಡಿಯಿತು ಕೂಡ.

ಶಶಿಕಲಾ ಓಣಿಯ ತಿರುವು ದಾಟುವುದನ್ನು ಗೋಪಮ್ಮ ಬಾಗಿಲಲ್ಲಿ ನಿಂತು ನೋಡಿದಳು. ಹೊರಗೆ ಬಿಸಿಗಾಳಿ ಧೂಳೆಬ್ಬಿಸಿ ಬೀಸುತ್ತಿತ್ತು. ನಿನ್ನೆ ಮೊನ್ನೆ ಹುಟ್ಟಿದ ಹುಡುಗಿ ನನಗೆ ಬಾಣಂತನ ಕಲಿಸುತ್ತಾಳೆ ಎಂದುಕೊಂಡಳು. ಒಳಗೆ ಬಂದು ಕಿಟಕಿ ಹಾಕಿದಳು. ಬಟ್ಟೆ ತುರುಕಿದಳು. ಅಗ್ಗಿಷ್ಟಿಗೆಯನ್ನು ಮತ್ತೆ ಹೊರಸಿನ ಕೆಳಗೆ ತಳ್ಳಿದಳು. ಮೌನೇಶ್ವರಿ ಮಲಗಿದಲ್ಲಿಂದ ಎಲ್ಲವನ್ನೂ ನೋಡುತ್ತಿದ್ದಳು.

ಸಂಜೆ ಐದರ ಹೊತ್ತಿಗೆ ಕೂಸು ಅಳುವುದನ್ನು ನಿಲ್ಲಿಸಿತು. ಸಮಾಧಾನವಾಯಿತು, ನಿದ್ದೆ ಹತ್ತಿತು ಎಂದುಕೊಂಡರು. ಹೊಲದಿಂದ ಬಂದ ಅಮರೇಶ ಎತ್ತಿಕೊಂಡಾಗ ಕೂಸಿನ ಕುತ್ತಿಗೆ ಜೋತುಬಿತ್ತು. ಮೋಟಾರ್ ಸೈಕಲ್ಲಿನ ಮೇಲೆ ಮಾನ್ವಿಗೆ ಒಯ್ದರು. ಕೂಸು ನಡುದಾರಿಯ ಪೋತ್ನಾಳವನ್ನೂ ದಾಟಲಿಲ್ಲ.

ಮಣ್ಣು ಮಾಡಿದ ಮೇಲೆ ಮಾತುಗಳು ಹುಟ್ಟಿದವು. ಕೆಲವರು ಸಟವಿ ಬರೆದದ್ದು ಅಷ್ಟೇ ಎಂದರು. ಕೆಲವರು ಹೊಸ ಮನೆಗೆ ಕಣ್ಣು ಬಿತ್ತು ಎಂದರು. ಗೋಪಮ್ಮನ ಕೈಯನ್ನು ಮಾತ್ರ ಯಾರೂ ಅನ್ನಲಿಲ್ಲ. ಆ ಕೈ ಅಂಥ ಕೈ ಆಗಿತ್ತು. ಕೋಣೆಯನ್ನು ತಾನೇ ತೆಗೆದು ಬಂದಿದ್ದೆ ಎಂದು ಶಶಿಕಲಾ ಹೇಳಿದಳು, ಹಾಗಾಗಿ ಕೋಣೆಯ ಮಾತು ಅಲ್ಲಿಗೇ ನಿಂತಿತು. ದೇವದುರ್ಗದಿಂದ ಬಂದ ಮಾತು ಬೇರೆಯೇ ಇತ್ತು. ಮೌನೇಶ್ವರಿಯ ಹಾಲಿನಲ್ಲಿ ದೋಷವಿದೆ, ಹಾಲು ಒಲ್ಲೆ ಎಂದು ಕೂಸೇ ಮುಖ ತಿರುಗಿಸಿತಂತೆ, ಇಂಥವಳಿಗೆ ಮುಂದೆ ಹುಟ್ಟಿದ್ದು ಉಳಿಯುತ್ತದೆಯೇ ಎಂದು ಹುಲಗೆಮ್ಮ ಕೇಳಿದ್ದಳಂತೆ. ಮೂರು ತಿಂಗಳಿಗೆ ಕರೆಯಲು ಬರಬೇಕಾದವರು ಬರಲಿಲ್ಲ. ಯಂಕೋಬ ಮೊದಲು ದಿನಾ ಫೋನು ಮಾಡುತ್ತಿದ್ದ, ಆಮೇಲೆ ವಾರಕ್ಕೊಮ್ಮೆ, ಆಮೇಲೆ ಅದೂ ಇಲ್ಲ. ಮೌನೇಶ್ವರಿ ಎದೆಗೆ ಬಟ್ಟೆ ಬಿಗಿದು ಕಟ್ಟಿಕೊಂಡು, ಹಿತ್ತಲಲ್ಲಿ ಹಾಲು ಹಿಂಡಿ ಮಣ್ಣಿಗೆ ಬಿಟ್ಟಳು. ತನ್ನ ಹಾಲೇ ಕೆಟ್ಟಿತ್ತೇ ಎಂದು ಕೇಳಲೂ ಇಲ್ಲ, ಇಲ್ಲ ಎಂದು ವಾದಿಸಲೂ ಇಲ್ಲ.

ಗೋಪಮ್ಮನಿಗೆ ಆಗಲೂ ಪೂರ್ತಿ ತಿಳಿದಿರಲಿಲ್ಲ. ಹಾಗೆಯೇ ಮುಚ್ಚಿದ ಕೋಣೆಯಲ್ಲಿ ಅಷ್ಟೊಂದು ಕೂಸುಗಳು ಬದುಕಿದ್ದವಲ್ಲ?

ಶ್ರಾವಣದ ಕೊನೆಗೆ ಅನುರಾಧಾ ಬಂದಳು. ಅವಳಿಗೆ ಏನೂ ಗೊತ್ತಿರಲಿಲ್ಲ. ನಗುನಗುತ್ತ ಬಂದು, ಡಬ್ಬಿ ಇಳಿಸಿ, ಅದನ್ನು ತನ್ನ ಲ್ಯಾಪ್‌ಟಾಪಿಗೆ ಜೋಡಿಸಿ ಕೂತಳು. ಗೋಪಮ್ಮ ಪಕ್ಕದಲ್ಲಿ ಕುಳಿತಳು, ಮೌನೇಶ್ವರಿ ಬಾಗಿಲಲ್ಲಿ ನಿಂತಿದ್ದಳು. ಪರದೆಯ ಮೇಲೆ ಎರಡು ಗೆರೆ ಮೂಡಿದವು. ನೀಲಿಯದು ಹಳೆಯ ಮನೆಯದು ಎಂದಳು ಮೇಡಂ. ಅದು ಮಲಗಿದ ಹಾವಿನಂತೆ ಹೆಚ್ಚು ಏರದೆ ಇಳಿಯದೆ ಹೋಗಿತ್ತು. ಕೆಂಪು ಹೊಸ ಮನೆಯದು. ಅದು ದಿನಾ ಗುಡ್ಡ ಹತ್ತಿ ಇಳಿಯುತ್ತಿತ್ತು. ಸ್ಲ್ಯಾಬು ತೆಳ್ಳಗಿರುವುದರಿಂದ ನೆತ್ತಿಯ ಬಿಸಿಲು ಸಂಜೆಗೇ ಒಳಗೆ ಬಂದುಬಿಡುತ್ತದೆ, ಪಡುವಣ ಗೋಡೆಯ ಬಿಸಿಲೂ ಅದೇ ಹೊತ್ತಿಗೆ ಬರುತ್ತದೆ, ಹೊರಗೆ ಹೊತ್ತು ಇಳಿದರೂ ಒಳಗೆ ಮಾಡು ಕಾದ ಹೆಂಚಿನಂತೆ ತಲೆಯ ಮೇಲೆ ಇರುತ್ತದೆ ಎಂದು ಹೇಳುತ್ತ ಹೇಳುತ್ತ ಅವಳು ಒಂದು ಕಡೆ ನಿಂತಳು.

ಅಲ್ಲಿ ಕೆಂಪು ಗೆರೆ ನಾಲ್ಕು ದಿನ ಕೆಳಗೇ ಇಳಿದಿರಲಿಲ್ಲ. ರಾತ್ರಿಯೂ ಇಳಿದಿರಲಿಲ್ಲ. ಮೇಲೆ ಮೇಲೆ ಹೋಗಿ ನಲವತ್ತಮೂರು, ನಲವತ್ತನಾಲ್ಕರಲ್ಲಿ ನಿಂತಿತ್ತು. ಕೊನೆಯ ದಿನ ಮಧ್ಯಾಹ್ನ ಮಾತ್ರ ಒಂದು ಸಣ್ಣ ತಗ್ಗು. ಅರ್ಧ ಗಂಟೆಯಷ್ಟು. ಆಮೇಲೆ ಮತ್ತೆ ಏರು.

"ಇದೇನ್ರಿ ಅಜ್ಜಿ, ಇಲ್ಲಿ ಯಾರೋ ಕಿಟಕಿ ತೆಗೆದು ಮತ್ತೆ ಮುಚ್ಚಿದಾರೆ," ಎಂದಳು ಅನುರಾಧಾ. "ಇಂಥ ಬೇಸಿಗೇಲಿ ಈ ಕೋಣೆ ಯಾಕೆ ಮುಚ್ಚಿದ್ರಿ?"

ಗೋಪಮ್ಮನಿಗೆ ಓದಲು ಬಾರದು. ಆದರೆ ಆ ತಗ್ಗನ್ನು ಅವಳು ಓದಿದಳು. ಕೂಸು ಎರಡು ಗುಟುಕು ಕುಡಿದದ್ದು ಆ ತಗ್ಗಿನಲ್ಲಿ. ಶಶಿಕಲಾ ಓಣಿಯ ತಿರುವು ದಾಟಿದ್ದು ಆ ತಗ್ಗಿನ ಅಂಚಿನಲ್ಲಿ. ಬಾಯಿ ತೆರೆಯುವಷ್ಟರಲ್ಲಿ ಬಾಗಿಲಿನಿಂದ ದನಿ ಬಂತು.

"ನಾನ ಮುಚ್ಚಿದ್ನಿರಿ ಮೇಡಂ. ಸೊಳ್ಳಿ ಭಾಳ ಇದ್ವು."

ಅಷ್ಟು ಹೇಳಿ ಮೌನೇಶ್ವರಿ ನೀರು ತರುವ ನೆವ ಮಾಡಿ ಹೊರಗೆ ಹೋದಳು. ಗೋಪಮ್ಮ ಕುಳಿತಲ್ಲೇ ಕುಳಿತಳು. ಹುಡುಗಿಗೆ ಮೊದಲಿನಿಂದಲೂ ಗೊತ್ತಿತ್ತು. ಗೊತ್ತಿದ್ದೂ ಹಾಲಿನ ದೋಷವನ್ನು ತಲೆಯ ಮೇಲೆ ಹೊತ್ತುಕೊಂಡು ಹಿತ್ತಲಲ್ಲಿ ಹಾಲು ಹಿಂಡುತ್ತಿದ್ದಳು. ಸಾಕಿದ ಋಣಕ್ಕೆ ಅವಳು ಕೊಟ್ಟದ್ದು ಅದನ್ನೇ.

ಮೇಡಂ ಡಬ್ಬಿ ಎತ್ತಿಕೊಂಡು ಹೊರಡುವಾಗ ಗೋಪಮ್ಮ ಒಂದೇ ಮಾತು ಕೇಳಿದಳು. ಹಳೆಯ ಮನೆಯಲ್ಲಿಯೂ ಹೀಗೇ ಮುಚ್ಚುತ್ತಿದ್ದೆವು, ಅಲ್ಲಿ ಯಾಕೆ ಏನೂ ಆಗಲಿಲ್ಲ? ಆ ಗೋಡೆ, ಆ ಮಾಳಿಗೆ ಕೋಣೆಯ ಕಾವನ್ನು ತಾವೇ ಹೀರಿಕೊಳ್ಳುತ್ತಿದ್ದವು, ಎಷ್ಟು ಮುಚ್ಚಿದರೂ ಜಂತಿಯ ಸಂದಿಯಿಂದ ಅಷ್ಟಿಷ್ಟು ಗಾಳಿ ಆಡುತ್ತಿತ್ತು, ಅಲ್ಲಿ ನಿಮ್ಮನ್ನೆಲ್ಲ ಕಾಯುತ್ತಿದ್ದದ್ದು ಮನೆಯೇ ಅಜ್ಜಿ ಎಂದಳು ಅನುರಾಧಾ. ತಾನು ಯಾರಿಗೆ ಏನು ಹೇಳಿದೆ ಎಂದು ಅವಳಿಗೆ ಗೊತ್ತೇ ಆಗಲಿಲ್ಲ.

ಕೈಗುಣ ಎಂಬುದು ಇರಲೇ ಇಲ್ಲ. ಇದ್ದದ್ದು ಮಣ್ಣು. ಅದನ್ನು ಅವಳೇ ತಿಪ್ಪೆಗೆ ಹೊತ್ತು ಹಾಕಿದ್ದಳು.

ಎರಡು ದಿನ ಬಿಟ್ಟು ಗೋಪಮ್ಮ ಯಾರಿಗೂ ಹೇಳದೆ ದೇವದುರ್ಗದ ಬಸ್ಸು ಹತ್ತಿದಳು. ಬೀಗರ ಮನೆಯ ಹೊಸ್ತಿಲು ದಾಟಲಿಲ್ಲ, ಕಟ್ಟೆಯ ಮೇಲೆ ಕುಳಿತಳು. ಹುಲಗೆಮ್ಮ ನೀರು ತಂದಿಟ್ಟಳು, ಕುಡಿಯಲಿಲ್ಲ. ಯಂಕೋಬ ಒಳಗಿನಿಂದ ಬಂದು ಗೋಡೆಗೆ ಒರಗಿ ನಿಂತ. ಗೋಪಮ್ಮ ಮೊದಲಿನಿಂದ ಕೊನೆಯವರೆಗೆ ಎಲ್ಲ ಹೇಳಿದಳು. ಶಶಿಕಲಾ ಕೋಣೆ ತೆಗೆದದ್ದು, ತಾನು ತಿರುವಿನವರೆಗೆ ನೋಡಿ ಬಂದು ಮತ್ತೆ ಮುಚ್ಚಿದ್ದು, ಕುಳ್ಳು ಹಾಕಿದ್ದು, ಸೆಕೆ ಎಂದವಳಿಗೆ ತಡಕೋ ಎಂದದ್ದು. ಯಾವುದನ್ನೂ ತಗ್ಗಿಸಿ ಹೇಳಲಿಲ್ಲ.

"ಹುಡುಗಿ ಹಾಲಿನಾಗ ಏನೂ ಇರಲಿಲ್ಲವ್ವ. ಹಾಲು ಚಲೋ ಇತ್ತು. ಕೈ ನಂದು."

ಹುಲಗೆಮ್ಮ ಅವಳ ಕೈಗಳನ್ನೇ ನೋಡಿದಳು.

"ಹಂಗಾರ ನಮ್ಮ ಕೂಸಿನ್ನ ನೀನ ಬೇಯಿಸಿದಿ ಅನ್ನು."

"ಹೌದವ್ವ."

ಯಂಕೋಬ ಮುಖ ಆ ಕಡೆ ತಿರುಗಿಸಿದ. ಕೊನೆಗೆ ಹುಲಗೆಮ್ಮ ಒಂದು ಕರಾರು ಹಾಕಿದಳು. ಸೊಸೆಯನ್ನು ಕರೆದುಕೊಳ್ಳುತ್ತೇವೆ. ಆದರೆ ಈ ಮನೆಯ ಯಾವ ಕೂಸಿಗೂ ನಿನ್ನ ಕೈ ತಾಗಬಾರದು. ಗೋಪಮ್ಮ ತಲೆಯಾಡಿಸಿದಳು. ಅದೇ ವಾರ ಯಂಕೋಬ ಬಂದು ಹೆಂಡತಿಯನ್ನು ಕರೆದೊಯ್ದ. ಹೊರಡುವಾಗ ಮೌನೇಶ್ವರಿ ಅಜ್ಜಿಯ ಕಾಲಿಗೆ ಬಿದ್ದು, ಏಳದೆ ಸ್ವಲ್ಪ ಹೊತ್ತು ಹಾಗೆಯೇ ಇದ್ದಳು. ಹೇಳಬಾರದಿತ್ತು ಯವ್ವಾ ಎಂದಳು, ಅಷ್ಟೇ.

ಮಾತು ದೇವದುರ್ಗದಿಂದ ಬಾಗಲವಾಡಕ್ಕೆ ಬರಲು ತಡವಾಗಲಿಲ್ಲ. ಕೇರಿಯಲ್ಲಿ ಗೋಪಮ್ಮನನ್ನು ಯಾರೂ ಬೈಯಲಿಲ್ಲ. ಕೂಸು ಎರೆಯಲು ಕರೆಯುವುದನ್ನು ನಿಲ್ಲಿಸಿದರು, ಅಷ್ಟೇ. ಎದುರಿಗೆ ಬಂದ ಬಸುರಿಯರು ಸೆರಗು ಮುಂದಕ್ಕೆ ಎಳೆದುಕೊಂಡು ಓಣಿಯ ಆ ಬದಿಗೆ ಸರಿಯುತ್ತಿದ್ದರು. ಮಾಳಿಗೆಗಳೂ ಉಳಿದಿರಲಿಲ್ಲ, ಮಣ್ಣು ಹಾಕಲೂ ಯಾರೂ ಕರೆಯಲಿಲ್ಲ. ಒಂದು ಬೇಸಿಗೆ ಅವಳೇ ಹಳ್ಳದಿಂದ ಹತ್ತು ಬುಟ್ಟಿ ಮಣ್ಣು ಹೊತ್ತು ತಂದು ಪಡುವಣ ಕೋಣೆಯ ಸ್ಲ್ಯಾಬಿನ ಮೇಲೆ ಹರವಿದಳು. ಭಾರಕ್ಕೆ ಬಿರುಕು ಬಿಡುತ್ತದೆ, ಮಳೆಗೆ ಸೋರುತ್ತದೆ ಎಂದು ಅಮರೇಶ ಅದನ್ನು ಸಲಿಕೆಯಿಂದ ಕೆಳಗೆ ತಳ್ಳಿದ. ಆ ಕೋಣೆಯಲ್ಲಿ ಈಗ ಜೋಳದ ಚೀಲ ಇಡುತ್ತಾರೆ.

ಎರಡು ವರ್ಷದ ಮೇಲೆ ಮೌನೇಶ್ವರಿ ಮತ್ತೆ ಹೆತ್ತಳು. ಈ ಸಲ ಗಂಡನ ಮನೆಯಲ್ಲೇ ಬಾಣಂತನ. ಮತ್ತೆ ಬೇಸಿಗೆ. ಸುದ್ದಿ ಕೇಳಿದ ಮೂರನೆಯ ದಿನ ಗೋಪಮ್ಮ ಬಸ್ಸು ಹತ್ತಿದಳು. ಹುಲಗೆಮ್ಮ ಬಾಗಿಲಲ್ಲೇ ತಡೆದಳು. ಮಾತಿಗೆ ತಪ್ಪಲು ಬಂದಿಲ್ಲವ್ವ, ಒಳಗೆ ಬರುವುದಿಲ್ಲ ಎಂದು ಗೋಪಮ್ಮ ಮನೆಯ ಮಗ್ಗುಲಿಗೆ ಹೋದಳು. ಅದೂ ಸ್ಲ್ಯಾಬಿನ ಮನೆ. ಪಡುವಣ ಗೋಡೆಗೆ ಅಂಗೈ ಒತ್ತಿದಳು. ಮೂರು ಗಂಟೆಯ ಬಿಸಿಲಿಗೆ ಗೋಡೆ ಕಾಯ್ದಿತ್ತು. ಕಿಟಕಿ ಮುಚ್ಚಿತ್ತು. ಸಂದಿಯಲ್ಲಿ ಬಟ್ಟೆ ತುರುಕಿದ್ದು ಕಾಣುತ್ತಿತ್ತು. ಒಳ್ಳೆಯ ಬಿಗಿ, ಗೊತ್ತಿದ್ದವರು ತುರುಕಿದ್ದು.

ಕೈ ಹಾಕಿದರೆ ಕೊಟ್ಟ ಮಾತು ಹೋಗುತ್ತದೆ. ಹಾಕದಿದ್ದರೆ ಏನು ಹೋಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಹಿಂದೆ ಬಂದು ನಿಂತ ಹುಲಗೆಮ್ಮನಿಗೆ ಕೈಮುಗಿದು ಕಿಟಕಿ ತೆಗೆಸು ಎಂದಳು. ಬಿಸಿಗಾಳಿ ಹೊಡೆಯುತ್ತದೆ, ಈಗ ತೆಗೆಯುವುದು ಹೇಗೆ ಎಂದಳು ಹುಲಗೆಮ್ಮ. ಅವಳೂ ಹೆದರಿದ್ದಳು, ಎರಡನೆಯದನ್ನು ಉಳಿಸಿಕೊಳ್ಳಲೆಂದೇ ಅಷ್ಟು ಬಿಗಿಯಾಗಿ ಮುಚ್ಚಿದ್ದಳು. ಕೆಟ್ಟದ್ದು ಗೋಪಮ್ಮನ ಕೈ, ಕೋಣೆ ಮುಚ್ಚುವುದಲ್ಲ ಎಂದೇ ಅವಳು ತಿಳಿದಿದ್ದಳು. ಹಸಿ ಸೀರೆ ಕಟ್ಟಿ ತೆಗೆಯಿರಿ, ಕೆಂಡ ಹೊರಗಿಡಿರಿ ಎಂದು ಗೋಪಮ್ಮ ಅಂಗಲಾಚಿದಳು. ಹುಲಗೆಮ್ಮ ನಿಂತಲ್ಲಿಂದ ಕದಲಲಿಲ್ಲ.

ಆಗ ಗೋಪಮ್ಮ ಗೋಡೆಗೆ ಬಾಯಿ ಹತ್ತಿರ ತಂದು ಮೆಲ್ಲಗೆ ಕರೆದಳು.

"ಮೌನವ್ವ. ತಡಕೋಬ್ಯಾಡ ನನ್ನವ್ವ."

ಒಳಗೆ ಹೊರಸು ಕಿರುಗುಟ್ಟಿತು. ಸ್ವಲ್ಪ ಹೊತ್ತಿನ ಮೇಲೆ ಸಂದಿಯ ಬಟ್ಟೆ ಒಂದೊಂದಾಗಿ ಒಳಕ್ಕೆ ಸರಿಯತೊಡಗಿತು. ಕಿಟಕಿಯ ಬಾಗಿಲು ತೆರೆಯಿತು. ಹಸಿರು ಬಳೆಯ ಒಂದು ಕೈ ಕಂಡಿತು, ಸರಳು ಹಿಡಿದು ಗಳಿಗೆ ಹೊತ್ತು ನಿಂತಿತು, ಮತ್ತೆ ಕತ್ತಲೆಗೆ ಹೋಯಿತು. ಕೂಸಿನ ಅಳು ಕೇಳಿಸಿತು, ಗಟ್ಟಿಯಾಗಿತ್ತು. ಹುಲಗೆಮ್ಮ ಹಿತ್ತಲಿಗೆ ಹೋಗಿ ಒಂದು ಸೀರೆ ನೆನೆಸಿ ತಂದಳು. ಕಿಟಕಿಗೆ ತಾನೇ ಕಟ್ಟಿದಳು. ಗೋಪಮ್ಮ ಅದರ ತುದಿಯನ್ನೂ ಮುಟ್ಟಲಿಲ್ಲ.

ಕೂಸು ಗಂಡೋ ಹೆಣ್ಣೋ ಎಂದು ಕೇಳುವುದು ಅವಳಿಗೆ ನೆನಪಾದದ್ದು ಬಸ್ಸಿನಲ್ಲಿ ಕುಳಿತ ಮೇಲೆ. ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡು, ಬಾಗಲವಾಡ ಬರುವವರೆಗೂ ಹಾಗೆಯೇ ಕುಳಿತಿದ್ದಳು.